ನೆಲವಿಲ್ಲದ ಮತಕ್ಷೇತ್ರ

ನನ್ನ ತಂದೆ ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ಫಿಟ್ಟರ್ ಆಗಿದ್ದರು. 1974ರ ಮೇ 8ರಂದು ಆರಂಭವಾದ ರೈಲ್ವೆ ಮುಷ್ಕರ 20 ದಿನ ನಡೆದು, ಬೇಡಿಕೆಗಳು ಈಡೇರದೆಯೇ ನಿಂತುಹೋಯಿತು. ಅದರ ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಎಂಬುದು ದೇಶಕ್ಕೆಲ್ಲ ಗೊತ್ತು. ನಮ್ಮ ಓಣಿಗೆ ಗೊತ್ತಿದ್ದ ಮುಂದಾಳು ಬೇರೆ. ಸಂಜೆ ಮನೆಮನೆಯ ಕಟ್ಟೆಗೆ ಸೈಕಲ್ಲು ಒರಗಿಸಿ, ಯಾರ ಮನೆಯಲ್ಲಿ ಜೋಳದ ಹಿಟ್ಟು ತೀರಿದೆ ಎಂದು ವಿಚಾರಿಸುತ್ತಿದ್ದ ಶಾಖಾ ಕಾರ್ಯದರ್ಶಿ ಅವರು. ಸಂಘವೆಂಬುದನ್ನು ನಾನು ಮೊದಲು ಕಂಡದ್ದು ಆ ಸೈಕಲ್ಲಿನಲ್ಲಿ.

ಮುಂದೆ ನಾನು ಗಗನಸಖಿಯಾಗಿ ಬೆಂಗಳೂರಿನಲ್ಲಿ ನೆಲೆಸಿದೆ. ನಮ್ಮ ಸಂಘದ ಸ್ಥಳೀಯ ಶಾಖೆಯ ಕಾರ್ಯದರ್ಶಿ ಸ್ಥಾನಕ್ಕೆ ಸ್ಪರ್ಧಿಸಿದಾಗ, ಹೊರಗಿನ ವಕೀಲರೊಬ್ಬರನ್ನು ನಿಲ್ಲಿಸಿದರೆ ಸಾಕಲ್ಲವೇ ಎಂದವರಿದ್ದರು. 1926ರ ಕಾರ್ಮಿಕ ಸಂಘಗಳ ಕಾಯ್ದೆ ಪದಾಧಿಕಾರಿಗಳಲ್ಲಿ ಅರ್ಧದಷ್ಟಾದರೂ ಆ ಉದ್ಯಮದಲ್ಲಿಯೇ ದುಡಿಯುವವರಿರಬೇಕೆಂದು ವಿಧಿಸಿದ್ದು ಸುಮ್ಮನಲ್ಲ ಎಂದು ನಾನು ಉತ್ತರಿಸಿದೆ. ನಿದ್ದೆಗೆಟ್ಟವರೇ ನಿದ್ದೆಯ ಮಾತನ್ನಾಡಬೇಕು.

ಆದರೆ ಮತ ಕೇಳುವುದೆಲ್ಲಿ? ಕಾರ್ಖಾನೆಗೊಂದು ಬಾಗಿಲಿರುತ್ತದೆ, ಭೋಂಗಾ ಕೂಗಿದರೆ ಜನ ಒಟ್ಟಿಗೆ ಹೊರಬರುತ್ತಾರೆ. ನಮಗೆ ಬಾಗಿಲೂ ಇಲ್ಲ, ಭೋಂಗಾವೂ ಇಲ್ಲ. ಇಂದು ಜೊತೆಯಲ್ಲಿ ಹಾರಿದವಳು ಮತ್ತೆ ಸಿಗುವುದು ತಿಂಗಳುಗಳ ಅನಂತರ. ಹೀಗಾಗಿ ನಸುಕಿನ ಮೂರು ಗಂಟೆಗೆ ನಮ್ಮನ್ನು ಮನೆಗಳಿಂದ ಕರೆದೊಯ್ಯುವ ವ್ಯಾನೇ ನನ್ನ ಪ್ರಚಾರದ ಸಭಾಂಗಣವಾಯಿತು. ಕೈಯಲ್ಲೊಂದು ನೋಟುಪುಸ್ತಕ. ಯಾರಿಗೆ ವಿಶ್ರಾಂತಿ ಸಾಲದು, ಯಾರ ಭತ್ಯೆ ಬಂದಿಲ್ಲ ಎಂದು ಬರೆದುಕೊಳ್ಳುತ್ತಿದ್ದೆ.

ಒಂದು ನಸುಕಿನಲ್ಲಿ ಕಿರಿಯ ಸಹೋದ್ಯೋಗಿಯೊಬ್ಬಳು ಪುಸ್ತಕದ ಮೇಲೆ ಕೈಯಿಟ್ಟು, "ಇದನ್ನು ಬರೆಯಬೇಡಿ" ಎಂದಳು. ಅವಳು ಗರ್ಭಿಣಿ. ತಿಳಿಸಿದರೆ ಕೆಲಸ ಹೋದೀತೆಂದು ಬಚ್ಚಿಟ್ಟುಕೊಂಡೇ ಹಾರುತ್ತಿದ್ದಳು.

ನಾನು ಅವಳಿಗೆ ನರ್ಗೀಸ್ ಮಿರ್ಜಾ ಮೊಕದ್ದಮೆಯ ಕಥೆ ಹೇಳಿದೆ. ಏರ್ ಇಂಡಿಯಾದ ಗಗನಸಖಿಯರು ಆಗ 35 ವರ್ಷ ತುಂಬಿದಾಗ, ಸೇರಿದ 4 ವರ್ಷದೊಳಗೆ ಮದುವೆಯಾದರೆ, ಇಲ್ಲವೇ ಮೊದಲ ಬಾರಿ ಗರ್ಭಿಣಿಯಾದರೆ, ಯಾವುದು ಮೊದಲೋ ಆಗ, ನಿವೃತ್ತರಾಗಬೇಕಿತ್ತು. 1981ರ ಆಗಸ್ಟ್ 28ರಂದು ಸರ್ವೋಚ್ಚ ನ್ಯಾಯಾಲಯ ಗರ್ಭಧಾರಣೆಯ ನಿಯಮವನ್ನು ಅಸಿಂಧುಗೊಳಿಸಿತು. ಮದುವೆಯ ನಿಯಮವನ್ನು ಮಾತ್ರ ಎತ್ತಿಹಿಡಿಯಿತು. ಪೂರ್ಣ ಜಯವಲ್ಲ, ಆದರೂ ತಾಯಿಯಾಗುವುದು ಅಪರಾಧವಲ್ಲವೆಂದು ಸ್ಥಾಪಿತವಾಯಿತು. ಆ ತೀರ್ಪು ಬಂದು ಎಷ್ಟೋ ವರ್ಷಗಳಾಗಿದ್ದವು. ಅವಳು ಅದರ ಹೆಸರನ್ನೂ ಕೇಳಿರಲಿಲ್ಲ.

ಅವಳ ಸಂಗತಿಯನ್ನು ಸಭೆಯಲ್ಲಿ ಎತ್ತಿದ್ದರೆ ಮತಗಳು ಬರುತ್ತಿದ್ದವೋ ಏನೋ. ಎತ್ತಲಿಲ್ಲ. ಅವಳೊಡನೆ ಕಚೇರಿಗೆ ಹೋಗಿ, ಅರ್ಜಿ ಬರೆಯಿಸಿ, ಹೆರಿಗೆಯವರೆಗೆ ನೆಲದ ಮೇಲಿನ ಕೆಲಸಕ್ಕೆ ಹಾಕಿಸಿದೆ. ಚುನಾವಣೆಯಲ್ಲಿ ಸೋತೆ.

ಸೋಲಿನ ಸುದ್ದಿ ಹೊತ್ತು ಹುಬ್ಬಳ್ಳಿಗೆ ಬಂದಾಗ ತಂದೆ ಚಹಾ ಬಸಿಯಿಂದ ತಲೆಯೆತ್ತದೆ, "ಸೋತ್ರ ಸೋತಿ, ಸೈಕಲ್ ಮಾರಿಲ್ಲ ಹೌದಿಲ್ಲೋ?" ಎಂದರು.

ಮಾರಿರಲಿಲ್ಲ. ವ್ಯಾನಿನಲ್ಲಿ ನೋಟುಪುಸ್ತಕ ತೆರೆದೇ ಇತ್ತು. ಮುಂದಿನ ಚುನಾವಣೆಯಲ್ಲಿ ಗೆದ್ದೆ. ಕಾರ್ಯದರ್ಶಿಯಾಗಿ ನಾನು ಮಾಡಿದ ಮೊದಲ ಕೆಲಸ ಭಾಷಣವಲ್ಲ: ಆ ತೀರ್ಪಿನ ಸಾರಾಂಶವನ್ನು ಒಂದು ಪುಟದಲ್ಲಿ ಬರೆದು, ಸಿಬ್ಬಂದಿಯ ಕೋಣೆಯಲ್ಲಿ ಕನ್ನಡಿಯ ಪಕ್ಕಕ್ಕೆ ಅಂಟಿಸಿದ್ದು. ಹಾರುವ ಮುನ್ನ ಎಲ್ಲರೂ ಒಂದು ಕ್ಷಣ ನಿಲ್ಲುವ ಸ್ಥಳ ಅದೊಂದೇ.