ಬೀಜದ ಜೋಳ ಮತ್ತು ಜಾತ್ರೆಯ ಢಾಲು



ಹೋದ ತಿಂಗಳು ಒಂದು ಸಂಜೆ ನಮ್ಮೂರಿನ ಐದಾರು ಹುಡುಗರು ಚಿಕ್ಕೋಡಿಯ ನನ್ನ ಮನೆಗೆ ಬಂದರು. ನಮ್ಮೂರೆಂದರೆ ರಾಯಬಾಗ ತಾಲೂಕಿನಲ್ಲಿ ಕೃಷ್ಣೆಯ ದಂಡೆಗೆ ಇರುವ ಒಂದು ಸಣ್ಣ ಹಳ್ಳಿ. ಅವರ ಕಬಡ್ಡಿ ತಂಡದ ಪೆಟ್ಟಿಗೆಯಲ್ಲಿ ಎರಡು ವರ್ಷ ಪಟ್ಟಿ ಎತ್ತಿ ಕೂಡಿಸಿದ ಹಣವಿದೆ. ಆ ಹಣದಲ್ಲಿ ಹದಿನಾಲ್ಕು ಹದಿನೈದರ ಪ್ರಾಯದ ಎಂಟು ಮಂದಿ ಹುಡುಗರಿಗೆ ಒಬ್ಬ ಉಸ್ತಾದನನ್ನು ಗೊತ್ತುಮಾಡುವುದು, ಹಾಲು ಮೊಟ್ಟೆಗೆ ಏರ್ಪಾಡು ಮಾಡುವುದು ಎಂಬುದು ಮೊದಲಿನ ಲೆಕ್ಕ. ಅಷ್ಟರಲ್ಲಿ ಜಾತ್ರೆ ಹತ್ತಿರ ಬಂದಿತು. ಗಡಿಯಾಚೆಯ ಹೆಸರಾಂತ ರೈಡರ್ ಒಬ್ಬನು ಈ ಸಲ ನಮ್ಮ ಊರಿನ ಪರವಾಗಿ ಆಡಲು ಒಪ್ಪಿದ್ದಾನೆ. ಅವನು ಬಂದರೆ ಢಾಲು ನಮ್ಮದೇ ಎಂದು ಎಲ್ಲರ ನಂಬಿಕೆ. ಆದರೆ ಅವನು ಕೇಳಿದಷ್ಟು ಕೊಟ್ಟರೆ ಪೆಟ್ಟಿಗೆ ಬರಿದಾಗುತ್ತದೆ.

“ಏನ್ ಮಾಡೂಣ್ರಿ ಕಾಕಾ? ನೀವ ಒಂದ್ ಮಾತ್ ಹೇಳ್ರಿ” ಎಂದರು.

ಮೂವತ್ತು ವರ್ಷಕ್ಕೂ ಮಿಕ್ಕಿ ಹಳಗನ್ನಡದ ಪಾಠ ಹೇಳಿದವನಿಗೆ ಇಂಥ ಪ್ರಶ್ನೆ ಬಂದಾಗ ಮೊದಲು ನಗು ಬರುತ್ತದೆ. ನನಗೂ ಬಂದಿತು. ಆದರೆ ಅವರು ಹೋದ ಮೇಲೆ ನಿದ್ದೆ ಬರಲಿಲ್ಲ. ಅದರ ಕಾರಣವನ್ನು ಕೊನೆಗೆ ಹೇಳುತ್ತೇನೆ.

ನಾಳಿನದನ್ನು ಕೊಟ್ಟು ಇಂದಿನದನ್ನು ಕೊಳ್ಳಬಹುದೇ ಎಂಬ ಈ ಪ್ರಶ್ನೆ ನಮ್ಮ ಹಳ್ಳಿಯದಷ್ಟೇ ಅಲ್ಲ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ, ಕೈಯಲ್ಲಿ ಚೆಂಡು ಹಿಡಿದು ಓಡುವ ಆಟದಲ್ಲಿ ಇದಕ್ಕೊಂದು ಶಾಸ್ತ್ರವೇ ಬೆಳೆದಿದೆ. ಅಲ್ಲಿ ವರ್ಷಕ್ಕೊಮ್ಮೆ ಕಾಲೇಜುಗಳಿಂದ ಹೊರಬರುವ ತರುಣರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ. ಈ ಸರದಿಯ ಹಕ್ಕನ್ನು ವಿನಿಮಯ ಮಾಡಬಹುದು. ೨೦೧೧ರಲ್ಲಿ ಅಟ್ಲಾಂಟಾದ ತಂಡ ಜೂಲಿಯೋ ಜೋನ್ಸ್ ಎಂಬ ಚೆಂಡು ಹಿಡಿಯುವ ಆಟಗಾರನೊಬ್ಬನಿಗಾಗಿ ಇಂಥ ಐದು ಸರದಿಗಳನ್ನು ಬಿಟ್ಟುಕೊಟ್ಟಿತು. ಆತ ನಿಜವಾಗಿಯೂ ದೊಡ್ಡ ಆಟಗಾರನಾದ. ತಂಡ ೨೦೧೭ರ ಫೆಬ್ರವರಿಯಲ್ಲಿ ಅಂತಿಮ ಪಂದ್ಯವನ್ನೂ ಮುಟ್ಟಿತು. ಇಪ್ಪತ್ತೆಂಟಕ್ಕೆ ಮೂರು ಅಂಕಗಳಿಂದ ಮುಂದಿದ್ದು, ಕೊನೆಗೆ ಸೋತಿತು. ೨೦೨೦ರಲ್ಲಿ ಬಫಲೋ ನಗರದ ತಂಡ ಸ್ಟೆಫಾನ್ ಡಿಗ್ಸ್ ಎಂಬುವನಿಗಾಗಿ ತನ್ನ ಮೊದಲ ಸುತ್ತಿನ ಸರದಿಯನ್ನೂ ಅದರೊಡನೆ ಬೇರೆ ಕೆಲವನ್ನೂ ಮಿನೆಸೋಟಾಕ್ಕೆ ಕೊಟ್ಟಿತು. ಆ ವರ್ಷ ಇಡೀ ಕೂಟದಲ್ಲಿ ಅತಿ ಹೆಚ್ಚು ಚೆಂಡು ಹಿಡಿದವನು ಡಿಗ್ಸ್. ಆದರೆ ಮಿನೆಸೋಟಾದವರು ಅದೇ ಸರದಿಯಿಂದ ಆರಿಸಿಕೊಂಡ ಜಸ್ಟಿನ್ ಜೆಫರ್ಸನ್ ಎಂಬ ಹುಡುಗ ಎರಡೇ ವರ್ಷಗಳಲ್ಲಿ ಡಿಗ್ಸ್‌ನನ್ನು ಮೀರಿಸುವಂತೆ ಬೆಳೆದ. ಕೊಟ್ಟವರೂ ಗೆದ್ದರು, ಪಡೆದವರೂ ಗೆದ್ದರು ಎನ್ನಬಹುದಾದ ವಿರಳ ವ್ಯಾಪಾರ ಅದು.

ನಮ್ಮವರಿಗೆ ಈ ವ್ಯಾಪಾರ ಹೊಸದಲ್ಲ. ಉದ್ಯೋಗಪರ್ವವನ್ನು ನೆನೆಯಿರಿ. ದ್ವಾರಕೆಯಲ್ಲಿ ಕೃಷ್ಣ ಮಲಗಿದ್ದಾನೆ. ದುರ್ಯೋಧನ ತಲೆಯ ಕಡೆಗೆ, ಅರ್ಜುನ ಕಾಲಿನ ಕಡೆಗೆ. ಕಣ್ತೆರೆದ ಕೃಷ್ಣನಿಗೆ ಮೊದಲು ಕಂಡವನು ಅರ್ಜುನ, ಚಿಕ್ಕವನೂ ಅವನೇ. ಆದ್ದರಿಂದ ಮೊದಲ ಆಯ್ಕೆ ಅವನದು. ಒಂದು ಕಡೆಗೆ ಇಡೀ ನಾರಾಯಣೀ ಸೇನೆ, ಇನ್ನೊಂದು ಕಡೆಗೆ ಆಯುಧ ಹಿಡಿಯೆನೆಂಬ ಒಬ್ಬನೇ ಕೃಷ್ಣ. ಅರ್ಜುನ ಹಲವರನ್ನು ಬಿಟ್ಟು ಒಬ್ಬನನ್ನು ಆರಿಸಿದ. ದುರ್ಯೋಧನ ಸಂತೋಷದಿಂದ ಸೇನೆಯನ್ನು ಕರೆದುಕೊಂಡು ಹೋದ. ಒಬ್ಬನಿಗಾಗಿ ಹಲವರನ್ನು ಬಿಡಬಹುದೆಂಬ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಆದರೆ ಅದೇ ಭಾರತದಲ್ಲಿ ಕರ್ಣನೂ ಇದ್ದಾನೆ. ಅಸ್ತ್ರಪರೀಕ್ಷೆಯ ರಂಗದಲ್ಲಿ, ಎಲ್ಲರ ಕಣ್ಣೆದುರಿಗೆ, ದುರ್ಯೋಧನ ಅವನಿಗೆ ಅಂಗರಾಜ್ಯವನ್ನೇ ಕೊಟ್ಟ. ಪಂಪನನ್ನು ಓದಿದವರಿಗೆ ಆ ಸ್ನೇಹದ ಬೆಲೆ ಗೊತ್ತು. ಆದರೂ ಯುದ್ಧ ತೊಡಗಿದಾಗ ಭೀಷ್ಮನೊಡನೆ ಮನಸ್ತಾಪವಾಗಿ ಆ ಮಹಾವೀರ ಮೊದಲ ಹತ್ತು ದಿನ ಕಣದ ಹೊರಗೇ ಉಳಿದ. ರಾಜ್ಯ ಕೊಟ್ಟು ತಂದವನು ಬೇಕಾದ ದಿನ ಅಂಗಳದಲ್ಲಿ ಇರುತ್ತಾನೆಂಬ ಭರವಸೆ ಯಾರಿಗೂ ಇಲ್ಲ.

ಇದು ಬರಿಯ ಪುರಾಣವಲ್ಲ. ೨೦೧೪ರಲ್ಲಿ ಆರಂಭವಾದ ಪ್ರೊ ಕಬಡ್ಡಿಯಲ್ಲಿ ಇದೇ ಕಥೆ ನಮ್ಮ ಕಣ್ಣೆದುರು ನಡೆದಿದೆ. ೨೦೧೮ರ ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚಿನ ಬೆಲೆ ಬಂದದ್ದು ಮೋನು ಗೋಯತ್‌ಗೆ, ಒಂದೂವರೆ ಕೋಟಿಗೂ ಮೇಲೆ. ಅವನನ್ನು ಕೊಂಡ ಹರಿಯಾಣ ತಂಡ ನಾಕೌಟ್ ಹಂತವನ್ನೂ ಮುಟ್ಟಲಿಲ್ಲ. ಬೆಂಗಳೂರು ಬುಲ್ಸ್ ಅದಕ್ಕಿಂತ ಬಹಳ ಕಡಿಮೆ ಬೆಲೆಗೆ ಪವನ್ ಸೆಹ್ರಾವತ್‌ನನ್ನು ಮರಳಿ ತಂದಿತು. ೨೦೧೯ರ ಜನವರಿ ೫ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಆ ಹುಡುಗ ಒಬ್ಬನೇ ೨೨ ಅಂಕ ತಂದು ಪ್ರಶಸ್ತಿ ಗೆಲ್ಲಿಸಿದ.

ಮುಂದೆ ೨೦೨೨ರಲ್ಲಿ ಅದೇ ಪವನ್‌ನನ್ನು ತಮಿಳು ತಲೈವಾಸ್ ಎರಡು ಕೋಟಿ ಇಪ್ಪತ್ತಾರು ಲಕ್ಷಕ್ಕೆ ಕೊಂಡಿತು. ಇಡೀ ತಂಡವನ್ನು ಕಟ್ಟಲು ಇದ್ದ ಮಿತಿ ನಾಲ್ಕು ಕೋಟಿ ನಲವತ್ತು ಲಕ್ಷ. ಗಂಟಿನ ಅರ್ಧಕ್ಕಿಂತ ಹೆಚ್ಚು ಒಬ್ಬನಿಗೇ ಹೋಯಿತು. ಬೆಂಗಳೂರಿನಲ್ಲಿ ಆ ತಂಡದ ಮೊದಲ ಪಂದ್ಯ. ಕೆಲವೇ ನಿಮಿಷಗಳಲ್ಲಿ ಪವನ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಬಿದ್ದ. ಆ ಋತುವಿನಲ್ಲಿ ಮತ್ತೆ ಆಡಲೇ ಇಲ್ಲ. ತಂಡದ ಕಥೆ ಮುಗಿಯಿತೆಂದು ಎಲ್ಲರೂ ತಿಳಿದರು. ಆಗ ನರೇಂದರ್ ಎಂಬ ಹೊಸ ಹುಡುಗ, ಅದೇ ವರ್ಷ ಮೊದಲ ಸಲ ಅಂಗಳಕ್ಕಿಳಿದವನು, ಇನ್ನೂರ ನಲವತ್ತಕ್ಕೂ ಹೆಚ್ಚು ಅಂಕ ತಂದ. ಅದುವರೆಗೆ ಒಮ್ಮೆಯೂ ನಾಕೌಟ್ ಕಾಣದಿದ್ದ ತಂಡ ಸೆಮಿಫೈನಲ್ ಆಡಿತು. ಬೆಲೆ ಕೊಟ್ಟು ತಂದ ನಕ್ಷತ್ರ ಬಿದ್ದ ದಿನ ಮನೆಯ ಮೂಲೆಯ ಹಣತೆ ಬೆಳಕು ಕೊಟ್ಟಿತು. ಆದರೆ ಒಂದು ಮಾತನ್ನು ಗಮನಿಸಬೇಕು. ಮೂಲೆಯಲ್ಲಿ ಹಣತೆ ಇತ್ತು, ಅದಕ್ಕೆ ಯಾರೋ ಎಣ್ಣೆ ಹೊಯ್ದಿದ್ದರು. ಇಲ್ಲದಿದ್ದರೆ ಕತ್ತಲೆಯೇ.

ಮರುವರ್ಷ ಪವನ್‌ನ ಬೆಲೆ ಎರಡೂವರೆ ಕೋಟಿಯನ್ನೂ ದಾಟಿತು. ಕೊಂಡದ್ದು ತೆಲುಗು ಟೈಟನ್ಸ್. ಅವನು ಚೆನ್ನಾಗಿಯೇ ಆಡಿದ, ತಂಡ ಕಟ್ಟಕಡೆಯ ಸ್ಥಾನಕ್ಕಿಳಿಯಿತು. ೨೦೨೪ರಲ್ಲಿ ನಮ್ಮ ಬೆಂಗಳೂರಿನವರು ಪರದೀಪ್ ನರ್ವಾಲ್‌ನನ್ನು ಎಪ್ಪತ್ತು ಲಕ್ಷಕ್ಕೆ ಕರೆತಂದರು. ೨೦೧೭ರಲ್ಲಿ ಒಂದೇ ಋತುವಿನಲ್ಲಿ ೩೬೯ ರೈಡ್ ಅಂಕ ತಂದ ಮಹಾ ರೈಡರ್ ಆತ. ಆದರೆ ಆ ವರ್ಷ ಬುಲ್ಸ್ ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಯಿತು. ತಪ್ಪು ಆಟಗಾರನದೆಂದು ನಾನು ಹೇಳಲಾರೆ. ಕಬಡ್ಡಿಯಲ್ಲಿ ರೈಡರ್ ಒಬ್ಬನೇ ಹೋಗುತ್ತಾನೆ ನಿಜ. ಆದರೆ ಅವನು ಔಟಾಗಿ ಹೊರಗೆ ಕುಳಿತಾಗ ಅವನನ್ನು ಮರಳಿ ಅಂಗಳಕ್ಕೆ ತರಬೇಕಾದವರು ಉಳಿದ ಆರು ಮಂದಿ. ಅವರು ಎದುರಾಳಿಯನ್ನು ಔಟ್ ಮಾಡಿದರೆ ಇವನಿಗೆ ಮತ್ತೆ ಜೀವ. ಆಟದ ನಿಯಮದಲ್ಲಿಯೇ ಈ ಉತ್ತರ ಅಡಗಿದೆ.

ಇಷ್ಟು ಹೇಳಿ, ಹೊರಗಿನವನು ಬೇಡವೇ ಬೇಡ ಎಂದು ತೀರ್ಪು ಕೊಟ್ಟರೆ ಅದು ಅನ್ಯಾಯವಾಗುತ್ತದೆ. ಹುಡುಗರ ಪಕ್ಷದಲ್ಲಿಯೂ ಸತ್ಯವಿದೆ. ಬಿತ್ತಿದ ಕಾಳೆಲ್ಲ ಮೊಳೆಯುವುದಿಲ್ಲ. ಇಂದು ನಾವು ಹಾಲು ಕುಡಿಸುವ ಎಂಟು ಹುಡುಗರಲ್ಲಿ ಒಬ್ಬನು ಇಚಲಕರಂಜಿಯ ಮಗ್ಗಕ್ಕೆ ಹೋದಾನು, ಇನ್ನೊಬ್ಬನು ಸೈನ್ಯಕ್ಕೆ, ಮತ್ತೊಬ್ಬನಿಗೆ ಆಟವೇ ಬೇಸರವಾದೀತು. ನಾಳೆಯೆಂಬುದು ಸಂಶಯ, ಜಾತ್ರೆಯ ಢಾಲು ಪ್ರತ್ಯಕ್ಷ. ಅಲ್ಲದೆ ಒಂದು ಊರು ಒಮ್ಮೆ ಗೆದ್ದರೆ ಆ ಗೆಲುವನ್ನು ಕಂಡೇ ಹತ್ತು ಮಕ್ಕಳು ಅಂಗಳಕ್ಕೆ ಇಳಿಯುತ್ತಾರೆ. ಇದೂ ಒಂದು ಬಗೆಯ ಬಿತ್ತನೆಯೇ.

ಈ ಮಾತನ್ನು ನಾನು ಬಲ್ಲೆ. ಏಕೆಂದರೆ ೧೯೭೯ರಲ್ಲಿ ಈ ವಾದವನ್ನು ಹೂಡಿದವನು ನಾನೇ.

ಆಗ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಆ ಕಾಲಕ್ಕೆ ನಮ್ಮ ಕಡೆ ಈ ಆಟಕ್ಕೆ ಹುತುತು ಎನ್ನುವ ಹಿರಿಯರು ಇನ್ನೂ ಇದ್ದರು. ರಜೆಗೆ ಊರಿಗೆ ಬಂದಾಗ ಗುಡಿಯ ಕಟ್ಟೆಯ ಮೇಲೆ ಇಂಥದೇ ಸಭೆ ಸೇರಿತ್ತು. ತಾಲೀಮಿನ ಹುಡುಗರಿಗೆಂದು ತೆಗೆದಿರಿಸಿದ ಹಣವನ್ನು ಕೊಟ್ಟು ಹೊರಗಿನ ಆಟಗಾರನನ್ನು ತರಬೇಕೇ ಬೇಡವೇ ಎಂದು ಹಿರಿಯರು ಹಿಂದೆಮುಂದೆ ನೋಡುತ್ತಿದ್ದರು. ನಾನು ಎದ್ದುನಿಂತು ಅರ್ಜುನನ ಆಯ್ಕೆಯ ಕಥೆಯನ್ನು ಅಲಂಕಾರ ಸಹಿತ ಹೇಳಿದೆ. ಓದಿದ ಹುಡುಗನ ಮಾತಿಗೆ ಊರು ತಲೆಯಾಡಿಸಿತು. ಹೊರಗಿನವನು ಬಂದ, ನಾವು ಗೆದ್ದೆವು. ಆ ಢಾಲು ಇಂದಿಗೂ ಗುಡಿಯ ಗೋಡೆಯ ಮೇಲೆ ಇದೆ.

ಅವನಿಗಾಗಿ ತಂಡದಿಂದ ಹೊರಗುಳಿದ ಹುಡುಗ ನನ್ನ ಓರಗೆಯವನು, ನನ್ನ ಗೆಳೆಯ. ನಮ್ಮೂರಿನಲ್ಲಿ ಅವನಂಥ ಉಸಿರು, ಅವನಂಥ ಕಾಲು ಇನ್ನೊಬ್ಬನಿಗೆ ಇರಲಿಲ್ಲ. ಅವನು ಜಗಳವಾಡಲಿಲ್ಲ. ಪಂದ್ಯದ ದಿನ ಆಟಗಾರರಿಗೆ ನೀರು ತಂದುಕೊಟ್ಟ. ಮರುದಿನದಿಂದ ಅಂಗಳಕ್ಕೆ ಬರಲಿಲ್ಲ. ಅವನ ಹಿಂದೆ ಇನ್ನೂ ಮೂವರು ಬಿಟ್ಟರು. ಎರಡನೆಯ ವರ್ಷ ಹೊರಗಿನವನು ಹೆಚ್ಚು ಹಣ ಕೊಟ್ಟ ಊರಿಗೆ ಹೋದ. ಮೂರನೆಯ ವರ್ಷ ನಮ್ಮಲ್ಲಿ ಏಳು ಜನ ಕೂಡಲಿಲ್ಲ. ಇಪ್ಪತ್ತು ವರ್ಷ ನಮ್ಮೂರಿನಲ್ಲಿ ತಂಡವೇ ಇರಲಿಲ್ಲ.

ಕಥೆ ಹೇಳುವಾಗ ಒಂದನ್ನು ಮರೆತಿದ್ದೆ. ಅರ್ಜುನ ಸೇನೆಯನ್ನು ಬಿಟ್ಟಾಗ ಅವನ ಮನೆಯಲ್ಲಿ ಭೀಮನಿದ್ದ, ನಕುಲ ಸಹದೇವರಿದ್ದರು, ಬೆಳೆಯುತ್ತಿದ್ದ ಅಭಿಮನ್ಯುವಿದ್ದ. ಅವನಿಗೆ ಕೊರತೆಯಿದ್ದದ್ದು ಒಬ್ಬ ಸಾರಥಿಯದು. ಬಂದವನು ಇದ್ದವರ ಜಾಗವನ್ನು ಕಸಿಯಲಿಲ್ಲ, ಅವರಿಗೆ ದಾರಿ ತೋರಿಸಿದ. ಒಂದೇ ಕೊರತೆಯಿರುವ ಮನೆ ಹೊರಗಿನವನನ್ನು ಕರೆಯಬಹುದು. ಕಂಬಗಳೇ ಇಲ್ಲದ ಮನೆಗೆ ಕಳಸ ತಂದರೆ ಏನು ಫಲ?

ನಮ್ಮ ತಾಯಿ ಬೀಜದ ಜೋಳವನ್ನು ಬೂದಿ ಬೆರೆಸಿ ಬೇರೆ ಗಡಿಗೆಯಲ್ಲಿ ಇಡುತ್ತಿದ್ದಳು. ೧೯೭೨ರ ಬರದಲ್ಲಿ ಆ ಗಡಿಗೆಗೂ ಕೈ ಹಾಕಬೇಕಾಯಿತು. ಆದರೆ ಪೂರ್ತಿ ಬರಿದು ಮಾಡಲಿಲ್ಲ. “ಹಸಿವಿಗೆ ಅರ್ಧ, ಹೊಲಕ್ಕ ಅರ್ಧ” ಎಂದಳು. ಅಂಥ ಬರದಲ್ಲಿಯೇ ಅರ್ಧ ಉಳಿಸಿದವರ ಮಗ ನಾನು, ಜಾತ್ರೆಯ ಹುಮ್ಮಸ್ಸಿನಲ್ಲಿ ಇಡೀ ಗಡಿಗೆಯನ್ನು ಬೋರಲು ಹಾಕಿಸಿದೆ.

ಮರುವಾರ ಹುಡುಗರು ಬಂದಾಗ ಈ ಕಥೆಯನ್ನೆಲ್ಲ ಹೇಳಿದೆ. ಆ ರೈಡರ್‌ನನ್ನು ಕರೆಯಿರಿ, ಆದರೆ ಜಾತ್ರೆಯ ಒಂದು ದಿನಕ್ಕಲ್ಲ, ಎರಡು ತಿಂಗಳ ಮಟ್ಟಿಗೆ ವಾರಕ್ಕೊಮ್ಮೆ ಬಂದು ಹುಡುಗರಿಗೆ ಆಟ ಕಲಿಸಲಿ, ಅದಕ್ಕೆ ಅರ್ಧ ಹಣ ಕೊಡಿ, ಉಳಿದರ್ಧ ಮುಟ್ಟಬೇಡಿ ಎಂದೆ. ಹಾಗೆ ಮಾಡಿದರೆ ಈ ವರ್ಷ ಢಾಲು ಬರಲಿಕ್ಕಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಅವರ ಮುಖ ಚಿಕ್ಕದಾಯಿತು. ಅವರಲ್ಲಿ ಎಲ್ಲರಿಗಿಂತ ಹಿಂದೆ, ಬಾಗಿಲ ಬಳಿ ನಿಂತಿದ್ದ ಹದಿನಾಲ್ಕರ ಹುಡುಗನೊಬ್ಬ ಮಾತ್ರ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದ. ಯಾರ ಮಗನಪ್ಪಾ ನೀನು ಎಂದು ಕೇಳಿದೆ. ಹೆಸರು ಹೇಳಿದ. ಅಂದು ನೀರು ತಂದುಕೊಟ್ಟವನ ಮೊಮ್ಮಗ.

ಊರಿನವರು ಇನ್ನೂ ನಿರ್ಧಾರ ಮಾಡಿಲ್ಲ. ಬರುವ ಸೋಮವಾರ ಅದೇ ಕಟ್ಟೆಯ ಮೇಲೆ ಸಭೆಯಿದೆ. ನಾನೂ ಹೋಗುವವನಿದ್ದೇನೆ. ಈ ಸಲ ಅರ್ಜುನನ ಕಥೆಯನ್ನು ಪೂರ್ತಿಯಾಗಿ ಹೇಳಬೇಕೆಂದಿದ್ದೇನೆ.