ಸೆರೆಮನೆಯ ಮನೆವಾರ್ತೆ

ಸೆರೆಮನೆ ಎಂಬ ಮಾತಿನಲ್ಲಿ ‘ಮನೆ’ ಎಂಬುದೊಂದು ಸೇರಿಕೊಂಡಿದೆ. ಮನೆಯೆಂದ ಮೇಲೆ ಅಕ್ಕಿಬೇಳೆಯ ಲೆಕ್ಕವುಂಟು, ಔಷಧಿಯ ಲೆಕ್ಕವುಂಟು, ಕಾವಲಿನವರ ಸಂಬಳವುಂಟು. ಈ ಮನೆಗೆ ಸರ್ಕಾರವೇ ಯಜಮಾನ. ಯಜಮಾನನ ಕೈಯಲ್ಲಿರುವ ಹಣ ನಮ್ಮದು. ಆದುದರಿಂದ ಆ ಮನೆವಾರ್ತೆ ಹೇಗೆ ನಡೆದಿದೆಯೆಂದು ನಾವು ವಿಚಾರಿಸಿದರೆ ಅದು ಅಧಿಕಪ್ರಸಂಗವಾಗಲಾರದು.

ನಾನಿರುವುದು ಕಳಸದಲ್ಲಿ. ಹತ್ತಿರದ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಬಂದವರೆಲ್ಲರಿಗೂ ಊಟವಿದೆ. ಸೆರೆಮನೆಯಲ್ಲಿ ಸರ್ಕಾರವೂ ಅನ್ನವಿಕ್ಕುತ್ತದೆ; ಇಕ್ಕಲೇಬೇಕು. ಒಬ್ಬನ ಸ್ವಾತಂತ್ರ್ಯವನ್ನು ಕಿತ್ತುಕೊಂಡ ಮೇಲೆ ಅವನ ಹಸಿವು, ಕಾಯಿಲೆಗಳ ಹೊಣೆಯೂ ಕಿತ್ತುಕೊಂಡವರದೇ. ಖರ್ಚು ಹೆಚ್ಚಾಯಿತೆಂದು ಅವನ ತಟ್ಟೆಯ ಅನ್ನವನ್ನು ಕಡಿಮೆ ಮಾಡಲಾಗದು. ನನ್ನ ಪ್ರಶ್ನೆ ಬೇರೆ. ಆ ಪಂಕ್ತಿಯಲ್ಲಿ ಕುಳಿತವರೆಲ್ಲರೂ ಅಲ್ಲಿ ಕೂರಲೇಬೇಕಾದವರೇ?

2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಬಂದಿಗಳು. ಎಂದರೆ, ಅಪರಾಧಿಗಳೆಂದು ಇನ್ನೂ ತೀರ್ಪಾಗದವರು. ದೇಶದ ಎಲ್ಲ ಸೆರೆಮನೆಗಳಲ್ಲಿ ಇದ್ದ ಸ್ಥಳವಾದರೋ 4,36,266 ಜನಕ್ಕೆ ಮಾತ್ರ. ಕಟ್ಟಿದ ಮನೆಯೆಲ್ಲವನ್ನೂ ತೀರ್ಪಿಗಾಗಿ ಕಾದು ಕುಳಿತವರೇ ಹೆಚ್ಚುಕಡಿಮೆ ತುಂಬಿಬಿಡುವಷ್ಟಾಯಿತು. ಇವರಲ್ಲಿ ಘೋರ ಆಪಾದನೆಗೆ ಒಳಗಾದವರೂ, ಹೊರಗೆ ಬಿಟ್ಟರೆ ಸಾಕ್ಷಿಗಳನ್ನು ಬೆದರಿಸುವವರೂ ಇದ್ದಾರೆ. ಅವರನ್ನು ಒಳಗಿಡುವ ವೆಚ್ಚವನ್ನು ಸಮಾಜ ಭರಿಸಬೇಕು. ಆದರೆ ಜಾಮೀನು ಸಿಕ್ಕಿಯೂ ಜಾಮೀನುದಾರ ಸಿಗದೆ ಉಳಿದವರೂ ಇದ್ದಾರೆ. ಅವರ ವಿಷಯವನ್ನು ನಾನು ಹತ್ತಿರದಿಂದ ಬಲ್ಲೆ.

ಕೆಲವು ವರ್ಷಗಳ ಹಿಂದೆ, ಕಾಫಿ ಕೊಯ್ಲಿನ ಕಾಲದಲ್ಲಿ, ತೋಟದ ಲೈನುಮನೆಯ ಹೆಣ್ಣುಮಗಳೊಬ್ಬಳು ನಮ್ಮ ಅಂಗಳಕ್ಕೆ ಬಂದಳು. ಉಗ್ರಾಣದಿಂದ ಒಣಮೆಣಸಿನ ಮೂಟೆಯೊಂದು ಹೋಯಿತೆಂದು ಅವಳ ಗಂಡನನ್ನು ಹಿಡಿದಿದ್ದರು. ನ್ಯಾಯಾಲಯ ಜಾಮೀನು ಕೊಟ್ಟಿತ್ತು; ಆದರೆ ಜಮೀನುಳ್ಳವರೊಬ್ಬರು ಹೊಣೆ ನಿಲ್ಲಬೇಕಿತ್ತು. “ನಿಮ್ಮ ಪಹಣಿ ಒಂದಿದ್ದರೆ ಬಿಡ್ತಾರಂತೆ ಮೇಷ್ಟ್ರೇ” ಎಂದಳು. ಹೊರಜಿಲ್ಲೆಯಿಂದ ಬಂದ ಕೂಲಿಯವರಿಗೆ ಇಲ್ಲಿ ಪಹಣಿ ಎಲ್ಲಿಂದ ಬರಬೇಕು? ನನಗೆ ಎರಡೆಕರೆ ತೋಟವಿತ್ತು. ಅವನು ತಪ್ಪಿಸಿಕೊಂಡು ಹೋದರೆ ಹಣ ಕಟ್ಟಬೇಕಾದೀತೆಂಬ ಅಂಜಿಕೆಯೂ ಇತ್ತು. “ಮಗನನ್ನು ಕೇಳಿ ಹೇಳುತ್ತೇನೆ” ಎಂದೆ. ಮಗನನ್ನು ನಾನು ಕೇಳಲಿಲ್ಲ. ಅವಳು ಮತ್ತೆ ಬರಲಿಲ್ಲ.

ಆತ ನಾಲ್ಕು ತಿಂಗಳು ಒಳಗಿದ್ದ. ಕೊನೆಗೆ ಸ್ವಂತ ಮುಚ್ಚಳಿಕೆಯ ಮೇಲೆ ಬಿಟ್ಟರು. ಅನಂತರ ಪ್ರತಿಯೊಂದು ವಾಯಿದೆಗೂ ತಪ್ಪದೆ ಹಾಜರಾದ. ಆ ನಾಲ್ಕು ತಿಂಗಳ ಊಟ, ಕಾವಲು, ನ್ಯಾಯಾಲಯಕ್ಕೆ ಕರೆದೊಯ್ಯುವ ವಾಹನ, ಜೊತೆಗೆ ಹೋಗುವ ಪೊಲೀಸರು, ಇವೆಲ್ಲ ಸರ್ಕಾರದ ಲೆಕ್ಕ. ಶಿಕ್ಷೆಯಾದ ಬಂದಿಗಾದರೆ ಒಳಗೆ ಕೆಲಸವೂ ಕೂಲಿಯೂ ಉಂಟು; ವಿಚಾರಣಾಧೀನನು ಹೊರಗಿನ ದುಡಿಮೆಯನ್ನು ಕಳೆದುಕೊಂಡು ದಿನವೆಣಿಸಬೇಕು. ಗಂಡನನ್ನು ನೋಡಲು ಘಟ್ಟದ ದಾರಿಯಲ್ಲಿ ಬಸ್ಸು ಹತ್ತಿದ ದಿನ ಹೆಂಡತಿಯ ಕೂಲಿಯೂ ಹೋಯಿತು. ಹಿರಿಯ ಮಗಳು ಶಾಲೆ ಬಿಟ್ಟು ಹಣ್ಣು ಕೊಯ್ಯಲು ಹೋದಳು. ಈ ವೆಚ್ಚವನ್ನು ಬರೆದಿಡುವ ಖಾತೆ ಯಾವ ಕಚೇರಿಯಲ್ಲಿಯೂ ಇಲ್ಲ.

ಈ ಸಂಕಟ ಹೊಸದಲ್ಲ. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆಕೆಲಸದವನಿಗೆ ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದ್ದರು. ಸಹೋದರನು ಹೊಣೆ ನಿಲ್ಲಲು ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಒಪ್ಪಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇದನ್ನು ತಳ್ಳಿಹಾಕಿ, ಒಂದು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಬಡ ಬಂದಿಗಳ ಜಾಮೀನಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ನಲವತ್ತು ಸಾವಿರ ರೂಪಾಯಿವರೆಗಿನ ನೆರವಿನ ಯೋಜನೆಯೊಂದನ್ನು ತಂದಿತು. 2024ರ ಜುಲೈಯಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ, ಹಿಂದೆಂದೂ ಅಪರಾಧಿಯೆಂದು ತೀರ್ಪಾಗದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದಂಶವನ್ನು ಕಳೆದಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಅನ್ವಯಿಸದು. ಒಳ್ಳೆಯ ಮಾತು. ಆದರೆ ಸಾಮಾನ್ಯ ಕಳವಿನ ಗರಿಷ್ಠ ಶಿಕ್ಷೆ ಮೂರು ವರ್ಷ. ಅದರ ಮೂರನೆಯ ಒಂದಂಶವೆಂದರೆ ಇಡೀ ಒಂದು ವರ್ಷ. ಒಂದು ವರ್ಷದಲ್ಲಿ ಬಡವನ ಮನೆ ಎಷ್ಟು ಬಾರಿ ಮುರಿಯಬಹುದು!

ಹೊಣೆ ನಿಲ್ಲಲು ಜಮೀನನ್ನೇ ಕೇಳಬೇಕೆ? ಒಂದೇ ಲೈನಿನಲ್ಲಿ ಹತ್ತು ವರ್ಷ ದುಡಿದ ಬಾಳು, ಅಲ್ಲೇ ಓದುತ್ತಿರುವ ಮಕ್ಕಳು, ನೆರೆಯವರ ಮಾತು, ಇವೂ ಮನುಷ್ಯನನ್ನು ಊರಿಗೆ ಕಟ್ಟಿಹಾಕುವ ಹಗ್ಗಗಳೇ. ಇವನ್ನು ನಂಬಿದರೆ ಸರ್ಕಾರಕ್ಕೆ ಉಳಿತಾಯ, ಬಡವನಿಗೆ ಬದುಕು.

ಆ ನಾಲ್ಕು ತಿಂಗಳ ದುಂದುವೆಚ್ಚದಲ್ಲಿ ನನ್ನ ಪಾಲೂ ಇದೆ. ಪಹಣಿ ಆ ದಿನವೂ ನನ್ನ ಪೆಟ್ಟಿಗೆಯಲ್ಲಿತ್ತು, ಇಂದೂ ಅಲ್ಲಿಯೇ ಇದೆ. ಇನ್ನೊಮ್ಮೆ ಯಾರಾದರೂ ಅಂಗಳಕ್ಕೆ ಬಂದು ಕೇಳಿದರೆ, ಮಗನನ್ನು ಕೇಳಿ ಹೇಳುತ್ತೇನೆಂದು ನಾನು ಹೇಳಲಾರೆ.