ಕಾವಿಗೆ ತೆರೆಯುವ ಔಷಧದ ಗುಳ್ಳೆಗಳು



ಮೈಸೂರಿನಿಂದ ಹುಣಸೂರಿಗೆ ಹೋಗುವ ದಾರಿಯಲ್ಲಿ ಬಿಳಿಕೆರೆ ಸಿಗುತ್ತದೆ. ಹೊಗೆಸೊಪ್ಪಿಗೆ ಹೆಸರಾದ ಸೀಮೆಯಿದು. ಸೊಪ್ಪನ್ನು ಬ್ಯಾರನ್‌ನಲ್ಲಿ ಹದಮಾಡುವ ರೈತ ಉಷ್ಣಮಾಪಕದ ಮೇಲೆ ಸದಾ ಕಣ್ಣಿಟ್ಟಿರುತ್ತಾನೆ. ಕಾವು ತಪ್ಪಿದರೆ ಸೊಪ್ಪಿನ ಬಣ್ಣ ಕೆಡುತ್ತದೆ. ಹಾಗೆಯೇ ಕೆಲವೇ ಡಿಗ್ರಿ ಕಾವನ್ನು ನಂಬಿಕೊಂಡ ಔಷಧವೊಂದರ ವಿಚಾರವನ್ನು ಇಂದು ತಿಳಿಯೋಣ.

ಡಾಕ್ಸೊರುಬಿಸಿನ್ ಎಂಬ ಔಷಧ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುತ್ತದೆ. ಆದರೆ ಹೃದಯದ ಸ್ನಾಯುವಿಗೂ ಹಾನಿ ಮಾಡಬಲ್ಲದು. ಅದನ್ನು ಗಡ್ಡೆಯಲ್ಲಿ ಮಾತ್ರ ಬಿಡುಗಡೆ ಮಾಡುವುದು ಹೇಗೆ? ಫಾಸ್ಫೋಲಿಪಿಡ್ ಎಂಬ ಕೊಬ್ಬು ನೀರಿನಲ್ಲಿ ತಾನಾಗಿಯೇ ಸೂಕ್ಷ್ಮ ಗುಳ್ಳೆಗಳಾಗುವುದನ್ನು 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ತೋರಿಸಿಕೊಟ್ಟರು. ಇವೇ ಲೈಪೊಸೋಮ್‌ಗಳು. ಬಿಸಿ ತಗುಲಿದಾಗ ಔಷಧ ಬಿಡುವ ಲೈಪೊಸೋಮ್‌ಗಳನ್ನು 1978ರಲ್ಲಿ ಅಮೆರಿಕದ ಯಾಟ್ವಿನ್ ಮತ್ತು ಸಂಗಡಿಗರು ವಿವರಿಸಿದರು.

ಚಳಿಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ ಬಿಸಿಲಿಗೆ ಕರಗುವುದನ್ನು ನೀವು ನೋಡಿದ್ದೀರಿ. ಡಿಪಿಪಿಸಿ ಎಂಬ ಫಾಸ್ಫೋಲಿಪಿಡ್‌ನ ಪೊರೆಯೂ ಸುಮಾರು 41 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಗಿತ ಕಳೆದುಕೊಂಡು ಸಡಿಲವಾಗುತ್ತದೆ. ಆಗ ಪೊರೆಯಲ್ಲಿ ಸಂದುಗಳು ಮೂಡಿ ಔಷಧ ಹೊರಬರುತ್ತದೆ. ದೇಹದ ಕಾವು 37 ಡಿಗ್ರಿ. ಗಡ್ಡೆಯನ್ನಷ್ಟೇ 42ಕ್ಕೆ ಕಾಯಿಸಿದರೆ ಔಷಧ ಅಲ್ಲೇ ಸುರಿಯಬೇಕು.

ಪ್ರನಾಳದ ಉಪ್ಪಿನ ದ್ರಾವಣದಲ್ಲಿ ಈ ಲೆಕ್ಕ ಸರಿಹೋಗಬಹುದು. ರಕ್ತದಲ್ಲಿ ಮಾತು ಬೇರೆ. ರಕ್ತದ ಅರ್ಧಕ್ಕಿಂತ ಹೆಚ್ಚು ಪಾಲು ಪ್ಲಾಸ್ಮಾ. ಅದರ ಒಂದು ಲೀಟರಿನಲ್ಲಿ ಸುಮಾರು 35ರಿಂದ 50 ಗ್ರಾಂ ಆಲ್ಬುಮಿನ್ ಇರುತ್ತದೆ. ಬೇರೆ ಪ್ರೋಟೀನುಗಳೂ ಇವೆ. ಇವು ಗುಳ್ಳೆಯ ಮೈಗೆ ಅಂಟಿಕೊಳ್ಳುತ್ತವೆ, ಪೊರೆಯ ಸಂದುಗಳಲ್ಲಿ ನುಸುಳುತ್ತವೆ. ಲೈಪೊಪ್ರೋಟೀನುಗಳು ಪೊರೆಯ ಕೊಬ್ಬನ್ನೇ ಸೆಳೆದುಕೊಳ್ಳಬಲ್ಲವು. ಇದರಿಂದ 42 ಡಿಗ್ರಿಯ ಬಳಿ ಬಿಡುಗಡೆ ಚುರುಕಾದರೆ ಒಳ್ಳೆಯದೇ. ಆದರೆ 37ರಲ್ಲೇ ಸೋರಲಾರಂಭಿಸಿದರೆ ಔಷಧ ಗಡ್ಡೆ ತಲುಪುವ ಮೊದಲೇ ಮೈಯೆಲ್ಲ ಹರಡುತ್ತದೆ. ಕೊಲೆಸ್ಟೆರಾಲ್ ಬೆರೆಸಿ ಪೊರೆಯನ್ನು ಗಟ್ಟಿಮಾಡಬಹುದಲ್ಲವೇ ಎಂದು ನೀವು ಕೇಳಬಹುದು. ಹೆಚ್ಚು ಬೆರೆಸಿದರೆ ಕಾವಿಗೆ ತೆರೆಯುವ ಗುಣವೇ ಮಂಕಾಗುತ್ತದೆ.

ಆದ್ದರಿಂದ ಒಂದೇ ಬಗೆಯ ಲೈಪೊಸೋಮನ್ನು ದ್ರಾವಣದಲ್ಲೂ ಪ್ಲಾಸ್ಮಾದಲ್ಲೂ ಇಟ್ಟು, 37 ಮತ್ತು 42 ಡಿಗ್ರಿಗಳಲ್ಲಿ ಹೋಲಿಸಿ ನೋಡಬೇಕು. ಗುಳ್ಳೆಯೊಳಗೆ ಒತ್ತಾಗಿ ತುಂಬಿದ ಡಾಕ್ಸೊರುಬಿಸಿನ್ ಮಂಕಾಗಿದ್ದು, ಹೊರಬಂದಾಗ ಪ್ರತಿದೀಪ್ತಿಯಿಂದ ಹೊಳೆಯುತ್ತದೆ. ಆ ಹೊಳಪನ್ನು ಅಳೆದರೆ ಬಿಡುಗಡೆಯ ಪ್ರಮಾಣ ತಿಳಿಯುತ್ತದೆ.

ಪ್ಲಾಸ್ಮಾ ದಾಟಿದರೂ ರೋಗಿಯ ಪರೀಕ್ಷೆ ಬಾಕಿ ಇರುತ್ತದೆ. ಥರ್ಮೊಡಾಕ್ಸ್ ಎಂಬ ಇಂಥ ಔಷಧವನ್ನು ಯಕೃತ್ತಿನ ಕ್ಯಾನ್ಸರಿನ 701 ರೋಗಿಗಳನ್ನೊಳಗೊಂಡ ಅಧ್ಯಯನದಲ್ಲಿ ಪರೀಕ್ಷಿಸಲಾಯಿತು. 2013ರಲ್ಲಿ ಹೊರಬಿದ್ದ ಫಲಿತಾಂಶ ನಿರೀಕ್ಷೆಯ ಗುರಿ ಮುಟ್ಟಲಿಲ್ಲ. ಮುಂದೆ ನೀವು ಔಷಧವೊಂದರ ಯಶಸ್ಸಿನ ಸುದ್ದಿ ಓದಿದಾಗ, ಅದನ್ನು ಪರೀಕ್ಷಿಸಿದ್ದು ಬರಿಯ ದ್ರಾವಣದಲ್ಲೋ, ಪ್ಲಾಸ್ಮಾದಲ್ಲೋ, ರೋಗಿಯಲ್ಲೋ ಎಂದು ಕೇಳಿ ತಿಳಿದುಕೊಳ್ಳಿ.